ಎರಡು ಕೆಂಪು ಕ್ಯಾನು, ಒಂದು ಜನರೇಟರ್: ಡೆತ್ ವ್ಯಾಲಿಯಿಂದ ಬ್ರೈಸ್ ಕಡೆಗೆ

ಹೊರಡುವ ಮುನ್ನ

ಅಕ್ಟೋಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟ್ರೇಲರ್ (ಒಳಗೆ ಉಳಿದುಕೊಳ್ಳಬಹುದಾದ ಮನೆಗಾಡಿ) ಎಳೆದುಕೊಂಡು ಹೊರಟು, ಡೆತ್ ವ್ಯಾಲಿ, ಜಿಯಾನ್, ಬ್ರೈಸ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿ ನೆವಾಡಾದ ಮೂಲಕ ಮರಳುವ ದಾರಿ ಇದು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಿಸಿಲ ನೆಲದಿಂದ ಎಂಟು ಸಾವಿರ ಅಡಿಯ ಚಳಿಯವರೆಗೆ ಒಂದೇ ವಾರದಲ್ಲಿ ಹಾಯ್ದು ಹೋಗುತ್ತೇವೆ. ಜನರೇಟರಿನ ಇಂಧನದ ವಿಷಯದಲ್ಲಿ ಏನೇನು ತೊಡಕು ಬರಬಹುದೋ ಅಷ್ಟೂ ಈ ದಾರಿಯಲ್ಲಿ ಎದುರಾಗುತ್ತವೆ.

ಬಾಡಿಗೆಗೆ ಸಿಗುವ ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಜನರೇಟರ್ ಒಳಗೇ ಇರುತ್ತದೆ. ಅದು ಗಾಡಿಯ ಟ್ಯಾಂಕಿನಿಂದಲೇ ಪೆಟ್ರೋಲ್ ಎಳೆಯುತ್ತದೆ; ಟ್ಯಾಂಕ್ ಸುಮಾರು ಕಾಲುಭಾಗಕ್ಕೆ ಇಳಿದಾಗ ತಾನಾಗಿ ನಿಲ್ಲುತ್ತದೆ, ಮುಂದಿನ ಬಂಕಿಗೆ ಹೋಗುವಷ್ಟು ಉಳಿಯಲಿ ಎಂದು. ಅವರಿಗೆ ಪೆಟ್ರೋಲ್ ಕ್ಯಾನಿನ ಗೊಡವೆಯಿಲ್ಲ. ಕ್ಯಾನು ಹೊರುವ ಪ್ರಶ್ನೆ ಬರುವುದು ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು, ಕೈಯಲ್ಲಿ ಎತ್ತುವ ಜನರೇಟರ್ ಇಟ್ಟುಕೊಂಡು ಹೊರಟವರಿಗೆ. ಇಲ್ಲಿನ ಲೆಕ್ಕವೆಲ್ಲ ಪೆಟ್ರೋಲ್ ಪಿಕಪ್, 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎ.ಸಿ. ಇರುವ ಟ್ರೇಲರ್, ಎರಡು 20 ಪೌಂಡಿನ ಪ್ರೊಪೇನ್ ಸಿಲಿಂಡರ್ ಮತ್ತು ಹೋಂಡಾ ಇಯು2200ಐ ಜನರೇಟರಿಗೆ ಸೇರಿದ್ದು.

ಈ ಜನರೇಟರ್ ನಿರಂತರವಾಗಿ ಕೊಡುವುದು 1800 ವ್ಯಾಟ್. 2200 ಎನ್ನುವುದು ಕೆಲ ಕ್ಷಣದ ಮಾತು. ಟ್ಯಾಂಕ್ 0.95 ಗ್ಯಾಲನ್, ಅಂದರೆ ಸುಮಾರು 3.6 ಲೀಟರ್. ತಯಾರಕರ ಲೆಕ್ಕದಲ್ಲಿ ಪೂರ್ತಿ ಹೊರೆಗೆ 3.2 ಗಂಟೆ, ಕಾಲು ಹೊರೆಗೆ 8.1 ಗಂಟೆ ಓಡುತ್ತದೆ. ಭಾಗಿಸಿದರೆ ಗಂಟೆಗೆ 0.3 ಗ್ಯಾಲನ್ ಮತ್ತು 0.12 ಗ್ಯಾಲನ್. ಹೊರೆ ನಾಲ್ಕು ಪಟ್ಟಾದರೂ ಇಂಧನ ಎರಡೂವರೆ ಪಟ್ಟು ಮಾತ್ರ ಹೆಚ್ಚುತ್ತದೆ. ಹಾಗಾಗಿ ಬೆಳಿಗ್ಗೆ ಫೋನ್ ಚಾರ್ಜಿಗೆ ಒಂದು ಗಂಟೆ, ಮಧ್ಯಾಹ್ನ ರೈಸ್ ಕುಕ್ಕರಿಗೆ ಒಂದು ಗಂಟೆ, ಸಂಜೆ ಬ್ಯಾಟರಿಗೆ ಎರಡು ಗಂಟೆ ಎಂದು ಚೂರುಚೂರಾಗಿ ಓಡಿಸುವುದೇ ದೊಡ್ಡ ಪೋಲು. ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಚಟ್ನಿಗೆ ಮಿಕ್ಸಿ, ಅನ್ನಕ್ಕೆ ಕುಕ್ಕರ್ ಒಂದಾದ ಮೇಲೊಂದು ಮುಗಿಸಿ ಆರಿಸಬೇಕು.

ಇಂಧನ ಯಾವುದು? ಡೀಸೆಲ್ ಜನರೇಟರ್‌ಗಳು ಈ ಅಳತೆಯಲ್ಲಿ ತೀರಾ ಭಾರ, ಸದ್ದೂ ಜಾಸ್ತಿ, ಕೈಬಿಡಬಹುದು. ಪ್ರೊಪೇನ್ ಒಳ್ಳೆಯ ಇಂಧನ: ಚೆಲ್ಲುವುದಿಲ್ಲ, ಹಳಸುವುದಿಲ್ಲ, ಕಾರ್ಬುರೇಟರಿನಲ್ಲಿ ಅಂಟು ಕಟ್ಟುವುದಿಲ್ಲ. ಎರಡೂ ಇಂಧನಕ್ಕೆ ಒಗ್ಗುವ ಜನರೇಟರ್‌ಗಳೂ ಸಿಗುತ್ತವೆ. ಆದರೆ ಪ್ರೊಪೇನಿನಲ್ಲಿ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಬರುತ್ತದೆ. 20 ಪೌಂಡಿನ ಸಿಲಿಂಡರಿನಲ್ಲಿ 4.7 ಗ್ಯಾಲನ್ ಇರುತ್ತದೆ. ಅದರ ಶಾಖ ಪೆಟ್ರೋಲಿನ ಸುಮಾರು ಮೂರೂವರೆ ಗ್ಯಾಲನ್ನಿಗೆ ಸಮ. ಅದೇ ಸಿಲಿಂಡರ್ ರಾತ್ರಿ ಹೀಟರಿಗೂ, ಫ್ರಿಜ್ಜಿಗೂ, ಒಲೆಗೂ ಬೇಕು. ಚಳಿಯ ಜಾಗಕ್ಕೆ ಹೋಗುವ ದಾರಿಯಲ್ಲಿ ಅದನ್ನು ಜನರೇಟರಿಗೆ ಸುಡುವುದು ಬೇಡ. ಪೆಟ್ರೋಲಿಗೆ ಇನ್ನೊಂದು ಅನುಕೂಲ: ಉಳಿದದ್ದನ್ನು ಪಿಕಪ್ಪಿಗೆ ಸುರಿದು ಖರ್ಚು ಮಾಡಬಹುದು.

ಎಷ್ಟು ಬೇಕು ಎಂಬುದನ್ನು ದಾರಿಯ ಅತಿ ಉದ್ದದ, ಅತಿ ದುಬಾರಿಯ ತುಂಡು ನಿರ್ಧರಿಸುತ್ತದೆ. ಇಲ್ಲಿ ಅದು ಡೆತ್ ವ್ಯಾಲಿಯ ಎರಡು ರಾತ್ರಿ. ಮಧ್ಯಾಹ್ನದ ಐದು ಗಂಟೆ ಎ.ಸಿ. ಓಡಿದರೆ ದಿನಕ್ಕೆ ಒಂದೂವರೆ ಗ್ಯಾಲನ್, ಎರಡು ದಿನಕ್ಕೆ ಮೂರು. ಬೆಳಗಿನ ಚಾರ್ಜಿಗೆ ಒಂದು ಗ್ಯಾಲನ್ ಸೇರಿಸಿ. ಎರಡೂವರೆ ಗ್ಯಾಲನ್ನಿನ ಎರಡು ಕ್ಯಾನು ಸಾಕು. ಐದು ಗ್ಯಾಲನ್ನಿನ ಒಂದೇ ಕ್ಯಾನನ್ನು ನಾವು ಶಿಫಾರಸು ಮಾಡುವುದಿಲ್ಲ. ಗ್ಯಾಲನ್ನಿಗೆ ಆರು ಪೌಂಡಿನಂತೆ ಪೆಟ್ರೋಲೇ ಮೂವತ್ತು ಪೌಂಡ್ ತೂಗುತ್ತದೆ. ಅದನ್ನು ಬಗ್ಗಿಸಿ ಜನರೇಟರಿನ ಸಣ್ಣ ಬಾಯಿಗೆ ಸುರಿಯುವಾಗ ಕೈ ನಡುಗಿ ಚೆಲ್ಲುವುದು ಖಂಡಿತ.

ಕ್ಯಾನು ಕೆಂಪು ಬಣ್ಣದ್ದೇ ಆಗಿರಬೇಕು. ಹಳದಿ ಡೀಸೆಲಿಗೆ, ನೀಲಿ ಸೀಮೆಎಣ್ಣೆಗೆ. ಕ್ಯಾಲಿಫೋರ್ನಿಯಾದಲ್ಲಿ ಕೊಂಡ ಕ್ಯಾನಿನ ಮೂತಿ ತಾನೇ ಮುಚ್ಚಿಕೊಳ್ಳುವ ಬಗೆಯದು, ಒತ್ತಿ ಹಿಡಿದರಷ್ಟೇ ಸುರಿಯುತ್ತದೆ. 2023ರ ಜುಲೈ ನಂತರ ತಯಾರಾದ ಕ್ಯಾನುಗಳಲ್ಲಿ ಹೊರಗಿನ ಕಿಡಿ ಒಳಗಿನ ಆವಿಗೆ ತಗುಲದಂತೆ ತಡೆಯುವ ವ್ಯವಸ್ಥೆ ಇರಬೇಕು, ಸಾಮಾನ್ಯವಾಗಿ ಬಾಯಲ್ಲಿ ಒಂದು ಜಾಲರಿ. ಬೇಗ ಸುರಿಯಲಿ ಎಂದು ಅದನ್ನು ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವ ಉಳಿಸುವ ಭಾಗ ಅದೇ.

ಮೊದಲ ದಿನ: ಫ್ರೀಮಾಂಟ್‌ನಿಂದ ರೆಡ್ ರಾಕ್ ಕ್ಯಾನ್ಯನ್

ಮೊದಲ ದಿನ ಕ್ಯಾನುಗಳು ಖಾಲಿ ಇರಲಿ. ಬೇಕರ್ಸ್‌ಫೀಲ್ಡ್‌ವರೆಗೆ ಬಂಕುಗಳಿಗೇನೂ ಬರವಿಲ್ಲ. ಮುನ್ನೂರು ಮೈಲಿಗೂ ಹೆಚ್ಚು ದೂರ ಐದು ಗ್ಯಾಲನ್ ಪೆಟ್ರೋಲನ್ನು ಸುಮ್ಮನೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಜನರೇಟರಿನ ಟ್ಯಾಂಕಿನಲ್ಲಿ ಅರ್ಧ ಇದ್ದರೆ ಈ ರಾತ್ರಿಗೆ ಧಾರಾಳ. ಸಾಗಿಸುವಾಗ ಅದರ ಮುಚ್ಚಳದ ಮೇಲಿನ ಗಾಳಿಕಿಂಡಿ ಮುಚ್ಚಿರಬೇಕು, ಇಂಧನದ ವಾಲ್ವ್ ಬಂದ್ ಆಗಿರಬೇಕು, ಜನರೇಟರ್ ನೆಟ್ಟಗೆ ನಿಂತಿರಬೇಕು. ಮಗ್ಗುಲಾಗಿ ಮಲಗಿಸಿದರೆ ಆಯಿಲ್ ಏರ್ ಫಿಲ್ಟರಿಗೆ ಇಳಿಯುತ್ತದೆ. ಮರುದಿನ ಸ್ಟಾರ್ಟ್ ಆಗದಿದ್ದಾಗ ಪೆಟ್ರೋಲ್ ಸರಿಯಿಲ್ಲ ಎಂದು ಬೈಯುತ್ತೇವೆ.

ಟ್ರೇಲರ್ ಎಳೆಯುವ ಗಾಡಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿ ಮಿತಿ. ಐ-5 ಹೆದ್ದಾರಿ ಹಿಡಿದು, 58ನೇ ಹೆದ್ದಾರಿಯಲ್ಲಿ ತೆಹಾಚಪಿ ಬೆಟ್ಟ ಹತ್ತಿ ಇಳಿದು, ಮೊಹಾವೆಯಿಂದ 14ರಲ್ಲಿ ಉತ್ತರಕ್ಕೆ ತಿರುಗುವಷ್ಟರಲ್ಲಿ ಸಂಜೆಯಾಗಿರುತ್ತದೆ. ಗಡಿಯಾರ ನೋಡಿಕೊಳ್ಳಬೇಕಾದ್ದು ಇಲ್ಲಿ. ರೆಡ್ ರಾಕ್ ಕ್ಯಾನ್ಯನ್ ರಾಜ್ಯ ಉದ್ಯಾನ. ಕ್ಯಾಲಿಫೋರ್ನಿಯಾ ರಾಜ್ಯ ಉದ್ಯಾನಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಜನರೇಟರಿಗೆ ಅನುಮತಿ. ಎಂಟರ ಮೇಲೆ ತಲುಪಿದರೆ ಕ್ಯಾನು ತುಂಬಿದ್ದರೂ ಉಪಯೋಗವಿಲ್ಲ, ಬ್ಯಾಟರಿಯೇ ಗತಿ. ಬೆಳಿಗ್ಗೆ ಬೇಗ ಹೊರಡುವವರಿಗೆ ಹತ್ತರವರೆಗೂ ಜನರೇಟರ್ ಇಲ್ಲ. ಮನೆಯಿಂದ ಹೊರಡುವಾಗಲೇ ಬ್ಯಾಟರಿ ಪೂರ್ತಿ ತುಂಬಿರಲಿ.

ಎರಡನೇ ದಿನ: ರಿಜ್‌ಕ್ರೆಸ್ಟ್‌ನಲ್ಲಿ ತುಂಬಿಸಿ, ಡೆತ್ ವ್ಯಾಲಿಗೆ ಇಳಿದು

ಡೆತ್ ವ್ಯಾಲಿಯ ಒಳಗೆ ಸ್ಟವ್‌ಪೈಪ್ ವೆಲ್ಸ್, ಫರ್ನೆಸ್ ಕ್ರೀಕ್‌ಗಳಲ್ಲಿ ಪೆಟ್ರೋಲ್ ಸಿಗುತ್ತದೆ, ಬೆಲೆ ಮಾತ್ರ ಕಣ್ಣು ಕುಕ್ಕುವಂಥದ್ದು. ಪಿಕಪ್ಪಿಗೂ ಕ್ಯಾನುಗಳಿಗೂ ರಿಜ್‌ಕ್ರೆಸ್ಟ್ ಊರಿನಲ್ಲೇ ಹಾಕಿಸಿಕೊಳ್ಳಬೇಕು.

ಕ್ಯಾನು ತುಂಬಿಸಲು ಒಂದು ಕ್ರಮವಿದೆ. ಎಂಜಿನ್ ಆರಿಸಿ. ಕ್ಯಾನನ್ನು ಪಿಕಪ್ಪಿನಿಂದ ಇಳಿಸಿ, ಗಾಡಿಯಿಂದ ತುಸು ದೂರ ನೆಲದ ಮೇಲಿಡಿ. ಪಿಕಪ್ಪಿನ ಹಿಂಬದಿಗೆ ಪ್ಲಾಸ್ಟಿಕ್ ಹಾಸು ಇರುತ್ತದೆ; ಅದರ ಮೇಲಿಟ್ಟೇ ತುಂಬಿಸಿದರೆ ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿಗೆ ನೆಲ ಸೇರಲು ದಾರಿಯಿಲ್ಲ, ಕಿಡಿಯಾಗಿ ಹಾರುತ್ತದೆ. ಪಂಪಿನ ಮೂತಿ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ಕೊಕ್ಕೆ ಹಾಕಿ ಬಿಡದೆ ಕೈಯಲ್ಲೇ ಹಿಡಿದು ನಿಧಾನವಾಗಿ ಬಿಡಿ. ನೂರಕ್ಕೆ ತೊಂಬತ್ತೈದರ ಮೇಲೆ ತುಂಬಿಸಬೇಡಿ. ಹಿಗ್ಗಲು ಜಾಗ ಬೇಕು, ಈ ದಾರಿಯಲ್ಲಂತೂ ಬೇಕೇ ಬೇಕು.

ಯಾವ ಪೆಟ್ರೋಲ್? ಕೈಪಿಡಿ ಕೇಳುವುದು 86 ಅಥವಾ ಹೆಚ್ಚಿನ ಆಕ್ಟೇನ್. ಇಲ್ಲಿನ ಸಾಮಾನ್ಯ 87 ಸಾಕು. ಭಾರತದ ಬಂಕುಗಳಲ್ಲಿ ಬಹುಕಾಲ ಕಂಡ 91 ಬೇರೆ ವಿಧಾನದ ಅಳತೆ, ಗುಣದಲ್ಲಿ ಹೆಚ್ಚುಕಡಿಮೆ ಇದಕ್ಕೇ ಸಮ. ಪ್ರೀಮಿಯಂ ಹಾಕಿದರೆ ಜನರೇಟರಿನ ಶಕ್ತಿ ಹೆಚ್ಚುವುದಿಲ್ಲ. ನೋಡಬೇಕಾದ್ದು ಎಥೆನಾಲ್: ಹತ್ತು ಶೇಕಡಾದ ಇ10 ಪರವಾಗಿಲ್ಲ, ಇ15 ಸಣ್ಣ ಎಂಜಿನ್‌ಗಳಿಗೆ ನಿಷಿದ್ಧ. ಇ15 ಬರುವ ಪಂಪಿನ ಮೇಲೆ ಕಿತ್ತಳೆ-ಕಪ್ಪು ಚೀಟಿ ಅಂಟಿಸಿರುತ್ತಾರೆ. ಎಥೆನಾಲ್ ಇಲ್ಲದ ಪೆಟ್ರೋಲ್ ತಿಂಗಳುಗಟ್ಟಲೆ ಇಡುವುದಕ್ಕೆ ಒಳ್ಳೆಯದು, ವಾರದಲ್ಲಿ ಉರಿದುಹೋಗುವುದಕ್ಕೆ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ತುಂಬಿದ ಕ್ಯಾನುಗಳ ಜಾಗ ಪಿಕಪ್ಪಿನ ತೆರೆದ ಹಿಂಬದಿ, ನೆಟ್ಟಗೆ, ಪಟ್ಟಿಯಲ್ಲಿ ಬಿಗಿದು, ಬಿಸಿಲು ಬೀಳದಂತೆ ತೆಳು ಬಣ್ಣದ ಬಟ್ಟೆ ಹೊದಿಸಿ. ಟ್ರೇಲರಿನ ಒಳಗೆ ಇಡಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಫ್ರಿಜ್ಜಿನ ಅಥವಾ ನೀರು ಕಾಯಿಸುವ ಬರ್ನರಿನ ಜ್ವಾಲೆ ಹುಡುಕುತ್ತದೆ. ಟ್ರೇಲರಿನ ಮುಂಭಾಗದ ಸಾಮಾನು ಅರೆಯೂ ಒಳಗಿನದೇ ಲೆಕ್ಕ. ಹಿಂದಿನ ಬಂಪರಿಗೆ ಕ್ಯಾನು ಕಟ್ಟಿಕೊಂಡು ಹೋಗುವವರನ್ನು ಹೆದ್ದಾರಿಯಲ್ಲಿ ಕಾಣುತ್ತೇವೆ. ಆ ಬಂಪರ್ ತೆಳು ತಗಡಿನ ಚೌಕ ಕೊಳವೆ, ಜೊತೆಗೆ ಹಿಂದಿನ ಗಾಡಿ ಗುದ್ದಿದರೆ ಮೊದಲ ಪೆಟ್ಟು ಅಲ್ಲಿಗೇ.

ಟ್ರೋನಾ ದಾಟಿ ಪ್ಯಾನಮಿಂಟ್ ಕಣಿವೆ, ಅಲ್ಲಿಂದ 190ರಲ್ಲಿ 4,956 ಅಡಿಯ ಟೌನ್ ಪಾಸ್. ಏರು ಹತ್ತಿದಂತೆ ಹೊರಗಿನ ಒತ್ತಡ ಇಳಿದು ಕ್ಯಾನುಗಳು ಪೂರಿಯಂತೆ ಉಬ್ಬುತ್ತವೆ. ಗಾಬರಿಬಿದ್ದು ಮೇಲೆ ನಿಲ್ಲಿಸಿ ಮುಚ್ಚಳ ತೆಗೆದರೆ ಆವಿ ಮುಖಕ್ಕೆ ನುಗ್ಗುತ್ತದೆ. ಅಲ್ಲದೆ ಅಲ್ಲಿ ಬಿಚ್ಚಿ ಮುಚ್ಚಿದ ಕ್ಯಾನು ಕೆಳಗಿಳಿದಾಗ ಒಳಕ್ಕೆ ಚಪ್ಪಟೆಯಾಗುತ್ತದೆ. ಹಾಗೇ ಬಿಡಿ, ಒಳ್ಳೆಯ ಕ್ಯಾನು ಇಷ್ಟನ್ನು ತಡೆಯುತ್ತದೆ. ಕೆಳಗೆ ತಲುಪಿ ತಣ್ಣಗಾದ ಮೇಲೆ, ಒಲೆ-ಬೆಂಕಿಯಿಂದ ದೂರದಲ್ಲಿ, ಮುಖ ತಿರುಗಿಸಿ ಮುಚ್ಚಳವನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ.

ಫರ್ನೆಸ್ ಕ್ರೀಕ್ ಸಮುದ್ರಮಟ್ಟಕ್ಕಿಂತ 190 ಅಡಿ ಕೆಳಗೆ. ಅಲ್ಲಿ ಟೆಕ್ಸಾಸ್ ಸ್ಪ್ರಿಂಗ್ಸ್ ಕ್ಯಾಂಪಿನಲ್ಲಿ ಜನರೇಟರ್ ಪೂರ್ತಿ ನಿಷೇಧ. ಸನ್‌ಸೆಟ್ ಕ್ಯಾಂಪಿನಲ್ಲಿ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಓಡಿಸಬಹುದು. ಎ.ಸಿ. ಬೇಕೆನ್ನುವವರು ಅದು ತೆರೆದಿದೆಯೇ ಎಂದು ಮೊದಲೇ ನೋಡಿಕೊಂಡು ಅಲ್ಲಿಗೇ ಹೋಗಬೇಕು.

ಮೂರನೇ ದಿನ: ಸನ್‌ಸೆಟ್ ಕ್ಯಾಂಪ್

1913ರ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್ ದಾಖಲಾದ ಜಾಗ ಇದು. ಅಕ್ಟೋಬರ್ ಕೊನೆಯಲ್ಲೂ ಮಧ್ಯಾಹ್ನ ತೊಂಬತ್ತು ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. ಬೆಳಿಗ್ಗೆ ಝಬ್ರಿಸ್ಕಿ ಪಾಯಿಂಟ್, ಬ್ಯಾಡ್‌ವಾಟರ್ ಸುತ್ತಿ ಹನ್ನೆರಡಕ್ಕೆ ಮರಳಿದರೆ ಜನರೇಟರಿನ ನಿಜವಾದ ಕೆಲಸ ಶುರು.

13,500 ಬಿಟಿಯು ಎ.ಸಿ. ಓಡುವಾಗ 1300ರಿಂದ 1500 ವ್ಯಾಟ್ ತಿನ್ನುತ್ತದೆ, ಆದರೆ ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಅದರ ಎರಡು ಪಟ್ಟು ಮೀರುತ್ತದೆ. ಎ.ಸಿ.ಗೆ ಸಾಫ್ಟ್ ಸ್ಟಾರ್ಟ್ (ಕಂಪ್ರೆಸರನ್ನು ಮೆಲ್ಲಗೆ ಎಬ್ಬಿಸುವ ಸಾಧನ) ಕೂಡಿಸದಿದ್ದರೆ ಈ ಅಳತೆಯ ಒಂದೇ ಜನರೇಟರಿನಲ್ಲಿ ಅದು ಏಳುವುದಿಲ್ಲ. ಕೂಡಿಸಿದ್ದರೂ ಉಳಿದ ಹೊರೆ ಇಳಿಸಬೇಕು: ಫ್ರಿಜ್ ಪ್ರೊಪೇನಿಗೆ, ನೀರಿನ ಹೀಟರಿನ ವಿದ್ಯುತ್ ಕಡ್ಡಿ ಬಂದ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರಿನ ಬ್ರೇಕರೂ ಬಂದ್. ಹೊರೆ ಕಡಿಮೆಯಾದಾಗ ಎಂಜಿನ್ ವೇಗ ಇಳಿಸುವ ಇಕೋ ಸ್ವಿಚ್ ಆರಿಸಿ, ಜನರೇಟರ್ ನಾಲ್ಕೈದು ನಿಮಿಷ ಬಿಸಿಯಾದ ಮೇಲೆ ವೈರ್ ಸಿಕ್ಕಿಸಿ, ಕೊನೆಗೆ ಎ.ಸಿ. ಹಾಕಿ.

ಎಂಜಿನ್ ಓಡುತ್ತಿದೆ, ಕೆಂಪು ದೀಪ ಹತ್ತಿದೆ, ಕರೆಂಟ್ ಮಾತ್ರ ಇಲ್ಲ ಎಂದರೆ ಅದು ಹೊರೆ ಜಾಸ್ತಿಯಾದ ಗುರುತು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಮುಕ್ಕರಿಸಿ ನಿಂತರೆ, ತಳ್ಳಾಡದೆ ಮುಚ್ಚಳದ ಗಾಳಿಕಿಂಡಿ ನೋಡಿ. ಸಾಗಿಸುವಾಗ ಮುಚ್ಚಿದ್ದನ್ನು ತೆರೆಯಲು ಮರೆತಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಹಗ್ಗ ಎಳೆದರೂ ಹಿಡಿಯದೆ ಆಯಿಲ್ ದೀಪ ಮಿನುಗಿದರೆ, ಒಂದೋ ಆಯಿಲ್ ಕಡಿಮೆ, ಇಲ್ಲವೇ ಜನರೇಟರ್ ಓರೆಯಾಗಿ ನಿಂತಿದೆ. ಸಮತಟ್ಟಿನಲ್ಲಿಟ್ಟು ಮತ್ತೆ ಪರೀಕ್ಷಿಸಿ. ಇವು ಮೂರೂ ಪೆಟ್ರೋಲಿನ ತಪ್ಪಲ್ಲ, ಆದರೆ ಜನ ಮೊದಲು ಅನುಮಾನಿಸಿ ಚೆಲ್ಲುವುದು ಒಳ್ಳೆಯ ಪೆಟ್ರೋಲನ್ನೇ.

ಮೂರು ಗಂಟೆಯ ಹೊತ್ತಿಗೆ ಟ್ಯಾಂಕ್ ಮುಗಿಯುತ್ತ ಬಂದಿರುತ್ತದೆ. ಆರಿಸಿ, ಕನಿಷ್ಠ ಹದಿನೈದು ನಿಮಿಷ ಆರಲು ಬಿಡಿ. ಈ ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಇರಲಿ. ಟ್ರೇಲರ್ ಒಳಗೆ ಆಗಲೇ ತಂಪಾಗಿರುವುದರಿಂದ ಆ ಹೊತ್ತು ಕಷ್ಟವೆನಿಸುವುದಿಲ್ಲ. ಬಿಸಿ ಸೈಲೆನ್ಸರಿನ ಮೇಲೆ ಬಿದ್ದ ಪೆಟ್ರೋಲ್ ಭಗ್ಗೆನ್ನಲು ಒಂದು ಕ್ಷಣ ಸಾಕು. ಜಾಲರಿ ಇರುವ ಆಲಿಕೆ ಬಳಸಿ, ಇಲ್ಲಿ ಗಾಳಿಯಲ್ಲೇ ಮರಳಿದೆ. ಟ್ಯಾಂಕಿನೊಳಗಿನ ಕೆಂಪು ಗುರುತು ದಾಟಿಸಬೇಡಿ.

ಜನರೇಟರ್ ಟ್ರೇಲರಿನಿಂದ ಕನಿಷ್ಠ 20 ಅಡಿ ದೂರ, ಹೊಗೆ ಆಚೆ ಹೋಗುವಂತೆ. ಪಕ್ಕದವರ ಕಿಟಕಿಯ ಕಡೆಗೂ ಅಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಟ್ರೇಲರಿನೊಳಗಿನ ಅದರ ಅಲಾರಂಗೂ ಆಯಸ್ಸಿದೆ, ಹಿಂಬದಿಯಲ್ಲಿ ಅಚ್ಚಾಗಿರುವ ತಾರೀಖು ಓದಿ.

ನಾಲ್ಕನೇ ದಿನ: ಪಹ್ರಂಪ್ ದಾಟಿ ಜಿಯಾನ್

ಈಗ ಕ್ಯಾನುಗಳಲ್ಲಿ ಉಳಿದಿರುವುದು ಒಂದು ಗ್ಯಾಲನ್ನಿನ ಸುತ್ತಮುತ್ತ. ಅದನ್ನು ಬೆಳಿಗ್ಗೆ ಪಿಕಪ್ಪಿಗೆ ಸುರಿದುಬಿಡಿ. ಖಾಲಿ ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ; ಒಳಗೆ ಉಳಿದ ಆವಿ ತುಂಬಿದ ಕ್ಯಾನಿಗಿಂತ ಸುಲಭವಾಗಿ ಹತ್ತಿಕೊಳ್ಳುತ್ತದೆ.

ನೆವಾಡಾದ ಪಹ್ರಂಪ್‌ನಲ್ಲಿ ಪೆಟ್ರೋಲ್ ಕ್ಯಾಲಿಫೋರ್ನಿಯಾಕ್ಕಿಂತ ಅಗ್ಗ. ಆದರೂ ಒಂದೇ ಕ್ಯಾನು ತುಂಬಿಸಿ. ಮುಂದೆ ಚಳಿ, ಎ.ಸಿ. ಬೇಡ, ದಿನಕ್ಕೆ ಅರ್ಧ ಗ್ಯಾಲನ್ ಸಾಕು. ಅಗ್ಗ ಎಂದು ಹೊತ್ತುಕೊಂಡ ಪೆಟ್ರೋಲ್ ಬೆಟ್ಟಗಳ ಮೇಲೆ ಸುಮ್ಮನೆ ಅಪಾಯವಾಗಿ ಕೂತಿರುತ್ತದೆ. ಇಲ್ಲೇ 87 ಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ: ಯೂಟಾದ ಸಾಮಾನ್ಯ ಪೆಟ್ರೋಲ್ 85 ಆಕ್ಟೇನ್, ಜನರೇಟರಿನ ಕೈಪಿಡಿ ಒಪ್ಪದ್ದು. ಅಲ್ಲಿ ಕೊಳ್ಳಲೇಬೇಕಾದರೆ ನಡುವಿನ 88 ಇರುತ್ತದೆ. ಆದರೆ ಬೇರೆ ಕಡೆ 88 ಎಂದು ಅಗ್ಗಕ್ಕೆ ಮಾರುವುದು ಇ15. ಅಂಕಿ ನಂಬದೆ ಚೀಟಿ ಓದಿ. ಎಲ್ಲ ದರ್ಜೆಗೂ ಒಂದೇ ಕೊಳವೆ ಇರುವ ಪಂಪಿನಲ್ಲಿ ಹಿಂದಿನವರು ಕೊಂಡದ್ದು ಕೊಳವೆಯಲ್ಲಿ ಉಳಿದಿರುತ್ತದೆ, ಆದ್ದರಿಂದ ಮೊದಲ ಒಂದು ಗ್ಯಾಲನ್ ಪಿಕಪ್ಪಿಗೆ ಹೋಗಲಿ, ಆಮೇಲೆ ಕ್ಯಾನಿಗೆ.

ಜಿಯಾನ್‌ನ ವಾಚ್‌ಮನ್ ಕ್ಯಾಂಪಿನಲ್ಲಿ ಜನರೇಟರ್ ನಿಷೇಧ. ಎ ಮತ್ತು ಬಿ ಸಾಲುಗಳಲ್ಲಿ ಕರೆಂಟ್ ಇದೆ, ಮುಂಚೆಯೇ ಕಾದಿರಿಸಿದ್ದರೆ ಬ್ಯಾಟರಿ ರಾತ್ರಿಯಿಡೀ ಅಲ್ಲೇ ತುಂಬಿಕೊಳ್ಳುತ್ತದೆ. ಯೂಟಾದಲ್ಲಿ ಗಡಿಯಾರ ಒಂದು ಗಂಟೆ ಮುಂದೆ.

ಐದನೇ ದಿನ: ಬ್ರೈಸ್ ಬಳಿಯ ಡಿಕ್ಸಿ ಅರಣ್ಯ

ಟ್ರೇಲರಿಗೆ ಹೊಂದುವ ದಾರಿ ಐ-15ರಲ್ಲಿ ಉತ್ತರಕ್ಕೆ ಹೋಗಿ 20ರಲ್ಲಿ ತಿರುಗಿ 89, 12 ಹಿಡಿಯುವುದು. ಡಿಕ್ಸಿ ರಾಷ್ಟ್ರೀಯ ಅರಣ್ಯದಲ್ಲಿ ಬಿಟ್ಟಿ ಜಾಗಗಳಿವೆ, ನೀರು-ಕರೆಂಟ್ ಏನೂ ಇಲ್ಲ. ಅರಣ್ಯದಲ್ಲಿ ಜನರೇಟರಿಗೆ ಕಿಡಿ ತಡೆಯುವ ಜಾಲರಿ ಇರಬೇಕು. ಸೈಲೆನ್ಸರಿನ ತುದಿಯಲ್ಲಿ ಅದು ಹರಿದಿಲ್ಲವೇ, ಮಸಿ ಕಟ್ಟಿಲ್ಲವೇ ನೋಡಿ. ಬೆಂಕಿ ನಿರ್ಬಂಧ ಜಾರಿಯಲ್ಲಿದೆಯೇ ಎಂದು ಅರಣ್ಯ ಕಚೇರಿಯಲ್ಲಿ ಕೇಳಿ.

ಇಲ್ಲಿ ಎತ್ತರದ ಪಾಠ. ಕಾರ್ಬುರೇಟರ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3.5 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಎಂಟು ಸಾವಿರ ಅಡಿಯಲ್ಲಿ 28 ಶೇಕಡಾ. 1800 ವ್ಯಾಟ್ ಹೋಗಿ ಹೆಚ್ಚುಕಡಿಮೆ 1300 ಉಳಿಯುತ್ತದೆ. ನಿನ್ನೆಯವರೆಗೆ ಓಡಿದ ಮೈಕ್ರೋವೇವ್ ಇವತ್ತು ಕೆಂಪು ದೀಪ ಹತ್ತಿಸುತ್ತದೆ. ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ ಬೀಳುತ್ತಿರುವುದರಿಂದ ಮಿಶ್ರಣ ದಪ್ಪವಾಗಿ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಐದು ಸಾವಿರ ಅಡಿಯ ಮೇಲೆ ಬಹುಕಾಲ ಓಡಿಸುವವರಿಗೆ ಬೇರೆ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗ) ಸಿಗುತ್ತದೆ. ಒಂದೆರಡು ರಾತ್ರಿಗೆ ಅದು ಬೇಡ. ಎತ್ತರದ ಜೆಟ್ಟನ್ನು ಮರೆತು ಕೆಳಗಿಳಿದು ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾದು ಹಾಳಾಗುತ್ತದೆ, ಅದು ಮಸಿಗಿಂತ ಎಷ್ಟೋ ದೊಡ್ಡ ನಷ್ಟ. ಒಂದು ಹೊಸ ಪ್ಲಗ್ ಮತ್ತು ಪ್ಲಗ್ ಪಾನಾ ಜೊತೆಗಿದ್ದರೆ ಸಾಕು.

ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಹೀಟರಿಗೆ ಬೆಂಕಿ ಪ್ರೊಪೇನಿನದು, ಆದರೆ ಬಿಸಿಗಾಳಿ ಊದುವ ಫ್ಯಾನ್ ಬ್ಯಾಟರಿಯಿಂದ ಏಳೆಂಟು ಆಂಪಿಯರ್ ಎಳೆಯುತ್ತದೆ. ರಾತ್ರಿಯಲ್ಲಿ ಆರು ಗಂಟೆ ತಿರುಗಿದರೂ 45 ಆಂಪಿಯರ್-ಗಂಟೆ ಹೋಯಿತು. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದ್ದೇ ಐವತ್ತು.

ಆರನೇ ದಿನ: ಬೆಳಗಿನ ಚಾರ್ಜು, ಮಿಲ್ಫರ್ಡ್ ದಾರಿ

ಚಳಿಯಲ್ಲಿ ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಿ. ನಾಲ್ಕೈದು ಸಲ ಎಳೆದರೂ ಹಿಡಿಯದೆ ಪೆಟ್ರೋಲ್ ವಾಸನೆ ಬಂದರೆ ಚೋಕ್ ತೆಗೆದು ಎಳೆಯಿರಿ, ಉಕ್ಕಿದ ಪೆಟ್ರೋಲ್ ಆರುತ್ತದೆ. ಕನ್ವರ್ಟರ್ ಮೊದಲ ಒಂದೂವರೆ-ಎರಡು ಗಂಟೆ ಬಿರುಸಾಗಿ ಕರೆಂಟ್ ಎಳೆದು ಬ್ಯಾಟರಿಯನ್ನು ಎಂಬತ್ತು ಶೇಕಡಾಕ್ಕೆ ತರುತ್ತದೆ. ಅಲ್ಲಿಗೆ ನಿಲ್ಲಿಸಿ. ಸೀಸದ ಬ್ಯಾಟರಿಯ ಕೊನೆಯ ಇಪ್ಪತ್ತು ಶೇಕಡಾ ಗಂಟೆಗಟ್ಟಲೆ ಹನಿಹನಿಯಾಗಿ ತುಂಬುತ್ತದೆ, ಅದಕ್ಕಾಗಿ ಜನರೇಟರ್ ಓಡಿಸುವುದು ಪೆಟ್ರೋಲಿನ ಅತಿ ಕೆಟ್ಟ ಬಳಕೆ. ಲಿಥಿಯಂ ಆದರೆ ಬಹುತೇಕ ಕೊನೆಯವರೆಗೂ ಪೂರ್ತಿ ವೇಗದಲ್ಲಿ ತುಂಬುತ್ತದೆ. ಈ ಒಂದೇ ಕಾರಣಕ್ಕೆ ಅದರ ಬೆಲೆ ಸಾರ್ಥಕ ಎನ್ನುತ್ತೇವೆ.

ಮತ್ತೆ 20ರಲ್ಲಿ ಬಂದು ಬೀವರ್‌ನಿಂದ 21 ಹಿಡಿದರೆ ಮಿಲ್ಫರ್ಡ್. ಅಲ್ಲಿಂದ ನೆವಾಡಾ ಗಡಿಯಾಚೆಯ ಬೇಕರ್ ಊರಿನವರೆಗೆ ಎಂಬತ್ತರಷ್ಟು ಮೈಲಿ ಒಂದು ಬಂಕೂ ಇಲ್ಲ. ಟ್ರೇಲರ್ ಎಳೆಯುವ ಪಿಕಪ್ ಗ್ಯಾಲನ್ನಿಗೆ ಒಂಬತ್ತು ಮೈಲಿ ಕೊಟ್ಟರೆ ಹೆಚ್ಚು, ಎದುರು ಗಾಳಿಯಲ್ಲಿ ಅದೂ ಇಲ್ಲ. ಕ್ಯಾನಿನಲ್ಲಿರುವುದನ್ನು ಪಿಕಪ್ಪಿನ ಲೆಕ್ಕಕ್ಕೆ ಸೇರಿಸದೆ ಮಿಲ್ಫರ್ಡ್‌ನಲ್ಲಿ ಟ್ಯಾಂಕ್ ತುಂಬಿಸಿ. ರಾತ್ರಿಗೆ ಬೇಕರ್ ಆಚೆ ಸ್ಯಾಕ್ರಮೆಂಟೊ ಪಾಸ್‌ನಲ್ಲಿ ಸರ್ಕಾರಿ ಬಿಟ್ಟಿ ಕ್ಯಾಂಪ್ ಇದೆ.

ಏಳನೇ ದಿನ: ಹೆದ್ದಾರಿ 50

ಈಲಿಯಿಂದ ಯುರೇಕಾ 77 ಮೈಲಿ, ಅಲ್ಲಿಂದ ಆಸ್ಟಿನ್ 70, ಅಲ್ಲಿಂದ ಫ್ಯಾಲನ್ 110ರಷ್ಟು. ಪ್ರತಿ ಊರಿನಲ್ಲೂ ತುಂಬಿಸಿಕೊಳ್ಳುವುದು ಬಿಟ್ಟರೆ ಇವತ್ತು ಬೇರೆ ಕೆಲಸವಿಲ್ಲ. ಚಲಿಸುವ ಗಾಡಿಯೇ ಟ್ರೇಲರ್ ಬ್ಯಾಟರಿಗೆ ತುಸು ಕರೆಂಟ್ ಕೊಡುತ್ತದೆ, ಜನರೇಟರಿಗೆ ವಿರಾಮ.

ಎಂಟನೇ ದಿನ: ಡಾನರ್ ಇಳಿದು ಮನೆಗೆ

ಫ್ಯಾಲನ್‌ನಲ್ಲಿ ಹೊರಡುವ ಮುನ್ನ ಕ್ಯಾನಿನ ಪೆಟ್ರೋಲನ್ನು ಪಿಕಪ್ಪಿಗೆ ಸುರಿಯಿರಿ. ಡೀಸೆಲ್ ಪಿಕಪ್ ಇರುವವರು ಇದನ್ನು ಮಾಡುವಂತಿಲ್ಲ, ಅವರು ಹೊರಡುವಾಗಲೇ ಇನ್ನೂ ಕಡಿಮೆ ಕೊಳ್ಳಬೇಕು. 7,239 ಅಡಿಯ ಡಾನರ್ ಕಣಿವೆದಾರಿಯನ್ನು ಖಾಲಿ ಕ್ಯಾನುಗಳೊಂದಿಗೆ ದಾಟುವುದು ನೆಮ್ಮದಿ.

ಮನೆಗೆ ಬಂದ ಮೇಲೆ ಜನರೇಟರಿನ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ಇಂಧನದ ವಾಲ್ವ್ ಮುಚ್ಚಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬುರೇಟರಿನಲ್ಲಿ ಉಳಿದ ಇ10 ಎರಡು ಮೂರು ತಿಂಗಳಲ್ಲಿ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚಿಹಾಕುತ್ತದೆ. ಮುಂದಿನ ಪ್ರವಾಸದಲ್ಲಿ ಜನರೇಟರ್ ಏಳದಿರುವುದಕ್ಕೆ ಬಹುಪಾಲು ಕಾರಣ ಅದೇ. ಹೊಸ ಜನರೇಟರಾದರೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಬೇಕು, ಆಮೇಲೆ ಪ್ರತಿ ನೂರು ಗಂಟೆಗೆ ಅಥವಾ ಆರು ತಿಂಗಳಿಗೆ. ಕ್ಯಾನುಗಳನ್ನು ಗರಾಜಿನಲ್ಲಿಡುವುದಾದರೆ ಗ್ಯಾಸ್ ಗೀಸರ್ ಇರುವ ಮೂಲೆಯಿಂದ ದೂರ, ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಎಟುಕದಂತೆ ಇಡಿ.